ಒಂದೇ ಸಾಕು ಎನ್ನಲು ಹದಿನಾರು ವರ್ಷ: ಲಿನಕ್ಸ್ ಕರ್ನಲ್‌ನ ಮೆಮೊರಿ ತಕರಾರು

2024ರ ಮಾರ್ಚ್‌ನಲ್ಲಿ ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯ ತಿರುಳಾದ ಕರ್ನಲ್‌ನ 6.8ನೇ ಆವೃತ್ತಿ ಹೊರಬಂದಾಗ, ಸುಮಾರು ನಾಲ್ಕು ಸಾವಿರ ಸಾಲಿನ ಒಂದು ಫೈಲ್ ಅದರಲ್ಲಿ ಇರಲಿಲ್ಲ. ಮೆಮೊರಿ ಹಂಚುವ, ಸ್ಲ್ಯಾಬ್ ಎಂಬ ಹೆಸರಿನ ಆ ಕೋಡ್ 1990ರ ದಶಕದಿಂದ ಕರ್ನಲ್‌ನಲ್ಲಿ ಬೇರುಬಿಟ್ಟಿತ್ತು. ಅದು ಹೋದದ್ದು ಬಳಕೆದಾರರಿಗೆ ಗೊತ್ತೇ ಆಗಲಿಲ್ಲ. ಹೆಚ್ಚಿನವರ ಫೋನು, ಸರ್ವರುಗಳು ಅದರ ಬದಲಿಯನ್ನೇ ವರ್ಷಗಟ್ಟಲೆ ಬಳಸುತ್ತಿದ್ದವು. ಬದಲಿ ಬಂದದ್ದು 2007ರಲ್ಲಿ. ಹಾಗಾದರೆ ಹಳೆಯದು ಇಷ್ಟು ಕಾಲ ಉಳಿದದ್ದೇಕೆ?

ಕರ್ನಲ್ ಮೆಮೊರಿಯನ್ನು ಪುಟಗಳ ಲೆಕ್ಕದಲ್ಲಿ ನೋಡುತ್ತದೆ. ಸಾಮಾನ್ಯವಾಗಿ ಒಂದು ಪುಟ ಎಂದರೆ 4096 ಬೈಟ್. ಆದರೆ ಅದಕ್ಕೆ ಬೇಕಾಗುವ ವಸ್ತುಗಳು ಬಹುತೇಕ ಚಿಕ್ಕವು. ಫೈಲಿನ ಹೆಸರನ್ನು ನೆನಪಿಡುವ ಡೆಂಟ್ರಿಗೆ 64 ಬಿಟ್ ಯಂತ್ರದಲ್ಲಿ 192 ಬೈಟ್ ಸಾಕು. ಅಷ್ಟಕ್ಕೆ ಇಡೀ ಪುಟ ಕೊಟ್ಟರೆ ಮೆಮೊರಿ ದಂಡ. ಕಿರಾಣಿ ಅಂಗಡಿಯವರು ಬೇಳೆಯ ಚೀಲ ಬಿಚ್ಚಿ ಕಾಲು ಕೆಜಿ, ಅರ್ಧ ಕೆಜಿ ಪೊಟ್ಟಣ ಕಟ್ಟಿಟ್ಟುಕೊಳ್ಳುವಂತೆ, ಪುಟಗಳನ್ನು ಒಂದೇ ಅಳತೆಯ ತುಂಡುಗಳಾಗಿಸಿ ಕೇಳಿದೊಡನೆ ಕೊಡುವ ಕೋಡಿಗೆ ಅಲೋಕೇಟರ್ ಎಂದು ಹೆಸರು. ಒಂದೊಂದು ಬಗೆಯ ತುಂಡಿಗೂ ಒಂದೊಂದು ಕ್ಯಾಶ್ ಇರುತ್ತದೆ. ಲಿನಕ್ಸ್ ಇರುವ ಕಂಪ್ಯೂಟರಿನಲ್ಲಿ ಸ್ಲ್ಯಾಬ್‌ಟಾಪ್ ಎಂಬ ಆಜ್ಞೆ ಕೊಟ್ಟರೆ ಈ ಕ್ಯಾಶ್‌ಗಳ ಉದ್ದನೆಯ ಪಟ್ಟಿಯೇ ಕಾಣುತ್ತದೆ.

ಈ ವಿಚಾರದ ಮೂಲ ಪುರುಷ ಸನ್ ಮೈಕ್ರೋಸಿಸ್ಟಮ್ಸ್‌ನ ಜೆಫ್ ಬಾನ್‌ವಿಕ್. ಸೋಲಾರಿಸ್ 2.4ಕ್ಕಾಗಿ ಮಾಡಿದ ಸ್ಲ್ಯಾಬ್ ಅಲೋಕೇಟರ್ ಬಗ್ಗೆ ಅವರು 1994ರಲ್ಲಿ ಪ್ರಬಂಧ ಮಂಡಿಸಿದರು. ಮೆಮೊರಿ ಪಡೆಯುವುದಕ್ಕಿಂತ, ಪಡೆದ ವಸ್ತುವಿನ ಬೀಗ (ಒಂದು ಸಲಕ್ಕೆ ಒಬ್ಬರೇ ಮುಟ್ಟುವಂತೆ ನೋಡಿಕೊಳ್ಳುವ ಗುರುತು), ಎಣಿಕೆ, ಪಟ್ಟಿಗಳನ್ನು ಪ್ರತಿ ಸಲ ಹೊಸದಾಗಿ ಸಿದ್ಧಪಡಿಸುವುದೇ ಹೆಚ್ಚಿನ ಕೆಲಸ ಎಂಬುದು ಅವರು ಕಂಡುಕೊಂಡ ಸಂಗತಿ. ವಸ್ತು ಹಿಂದಿರುಗಿದಾಗ ಅದನ್ನು ಸಿದ್ಧವಾದ ಸ್ಥಿತಿಯಲ್ಲೇ ಇಟ್ಟುಕೊಂಡರೆ ಮುಂದಿನವರಿಗೆ ಹಾಗೆಯೇ ಕೊಡಬಹುದು. ಇದೇ ತತ್ವವನ್ನು ಹಿಡಿದು ಮಾರ್ಕ್ ಹೆಮೆಂಟ್ 1996-97ರಲ್ಲಿ ಲಿನಕ್ಸ್‌ಗೆ ಸ್ಲ್ಯಾಬ್ ಬರೆದರು.

ಆಗಿನ ಯಂತ್ರಗಳಲ್ಲಿ ಪ್ರೊಸೆಸರ್‌ಗಳು ಒಂದೋ ಎರಡೋ. ಅವು ಹೆಚ್ಚಿದಂತೆ ಎಲ್ಲರೂ ಒಂದೇ ಬೀಗಕ್ಕೆ ಕಾಯಬಾರದೆಂದು ಪ್ರತಿ ಪ್ರೊಸೆಸರ್‌ಗೂ ಖಾಲಿ ವಸ್ತುಗಳ ಒಂದು ಕ್ಯೂ ಕೊಟ್ಟರು. ಮೆಮೊರಿ ಹಲವು ನೋಡ್‌ಗಳಲ್ಲಿ ಹಂಚಿಹೋದ ದೊಡ್ಡ ಯಂತ್ರಗಳು ಬಂದಾಗ ಪ್ರತಿ ನೋಡ್‌ಗೂ ಕ್ಯೂ ಬಂತು, ಬೇರೆ ನೋಡ್‌ನಿಂದ ಬಂದ ವಸ್ತುಗಳಿಗೆ 'ಏಲಿಯನ್' ಕ್ಯೂ ಎಂಬ ಮತ್ತೊಂದು ಬಗೆಯೂ ಬಂತು. ಒಂದೊಂದಕ್ಕೂ ತಕ್ಕ ಕಾರಣವಿತ್ತು. ಎಲ್ಲ ಸೇರಿ ಸಿಕ್ಕುಸಿಕ್ಕಾದವು. ಎಸ್‌ಜಿಐ ಕಂಪನಿಯ ಸಾವಿರ ಪ್ರೊಸೆಸರ್‌ಗಳ ಯಂತ್ರಗಳಲ್ಲಿ, ಕ್ಯೂಗಳಲ್ಲಿ ವಸ್ತುಗಳ ವಿಳಾಸ ಬರೆದಿಡಲೆಂದೇ ಹಲವು ಗಿಗಾಬೈಟ್ ಖರ್ಚಾಗುತ್ತಿತ್ತು. ವಸ್ತುಗಳ ಲೆಕ್ಕ ಬೇರೆ!

ಇದನ್ನು ದಿನವೂ ಕಾಣುತ್ತಿದ್ದ ಎಸ್‌ಜಿಐನ ಕ್ರಿಸ್ಟೋಫ್ ಲ್ಯಾಮೀಟರ್ ಕ್ಯೂಗಳನ್ನೆಲ್ಲ ಕಿತ್ತುಹಾಕಿ ಸ್ಲಬ್ ಎಂಬ ಹೊಸ ಅಲೋಕೇಟರ್ ಬರೆದರು. ಇದರಲ್ಲಿ ಖಾಲಿ ತುಂಡಿನೊಳಗೇ ಮುಂದಿನ ಖಾಲಿ ತುಂಡಿನ ವಿಳಾಸ ಇರುತ್ತದೆ. ಒಂದೇ ಅಳತೆಯ, ಒಂದೇ ಗುಣದ ಕ್ಯಾಶ್‌ಗಳನ್ನು ಒಟ್ಟಿಗೆ ಸೇರಿಸುತ್ತದೆ. ದೋಷ ಹುಡುಕಲು ಕರ್ನಲ್ಲನ್ನು ಮತ್ತೆ ಕಂಪೈಲ್ ಮಾಡಬೇಕಿಲ್ಲ, ಬೂಟ್ ಆಗುವಾಗ ಒಂದು ಆಯ್ಕೆ ಕೊಟ್ಟರಾಯಿತು. ನನ್ನ ಮಟ್ಟಿಗೆ ಈ ಕೊನೆಯ ಸೌಲಭ್ಯವೇ ಸ್ಲಬ್‌ಗೆ ಹೆಚ್ಚು ಮಿತ್ರರನ್ನು ಗಳಿಸಿಕೊಟ್ಟಿರಬೇಕು. 2007ರ 2.6.22ರಲ್ಲಿ ಸ್ಲಬ್ ಒಳಬಂತು, 2.6.23ರಲ್ಲಿ ಮೊದಲ ಆಯ್ಕೆಯಾಯಿತು. ಸ್ಲ್ಯಾಬ್ ಇನ್ನೇನು ಹೋಯಿತು ಎಂದೇ ಹಲವರು ಅಂದುಕೊಂಡರು.

ಹೋಗಲಿಲ್ಲ. ದೊಡ್ಡ ಡೇಟಾಬೇಸ್ ಹೊರೆ ಹೊರಿಸಿ ಇಂಟೆಲ್ ನಡೆಸಿದ ಪರೀಕ್ಷೆಗಳಲ್ಲಿ ಸ್ಲಬ್ ಹಿಂದೆ ಬಿತ್ತು. ಒಂದು ಪ್ರೊಸೆಸರ್ ಪಡೆದ ವಸ್ತುವನ್ನು ಇನ್ನೊಂದು ಪ್ರೊಸೆಸರ್ ಬಿಡುಗಡೆ ಮಾಡುವ ಕಡೆ ತೊಡಕು ಇತ್ತು. ಸ್ಲ್ಯಾಬ್ ಅಂಥವನ್ನು ಕ್ಯೂನಲ್ಲಿ ಕೂಡಿಟ್ಟು ಒಟ್ಟಿಗೆ ಹಿಂದಿರುಗಿಸುತ್ತಿತ್ತು. ಕ್ಯೂ ಇಲ್ಲದ ಸ್ಲಬ್ ಒಂದೊಂದನ್ನೂ ಅದರ ಮೂಲ ಪುಟಕ್ಕೆ ಸೇರಿಸಿ ಬರಬೇಕು. ನೆಟ್‌ವರ್ಕ್ ಪ್ಯಾಕೆಟ್‌ಗಳ ಹಣೆಬರಹವೂ ಅದೇ. ಅಂಥ ಪರೀಕ್ಷೆ ನಡೆಸಲು ಬೇಕಾದ ಯಂತ್ರ, ತಂತ್ರಾಂಶ ಎಲ್ಲರ ಬಳಿಯೂ ಇರಲಿಲ್ಲವಾದ್ದರಿಂದ ವಾದ ಒಂದು ದಡ ಮುಟ್ಟುವುದೂ ಕಷ್ಟವಾಯಿತು. ಇವೆರಡರ ಒಳ್ಳೆಯ ಗುಣಗಳನ್ನು ಕೂಡಿಸಲು ನಿಕ್ ಪಿಗಿನ್ ಎಸ್‌ಎಲ್‌ಕ್ಯೂಬಿ ಎಂಬುದನ್ನು ಬರೆದರು. ಅದು ಮುಖ್ಯ ಕರ್ನಲ್ ಸೇರಲೇ ಇಲ್ಲ.

ಇಷ್ಟರೊಳಗೆ ಮೂರನೆಯದೂ ಬಂದಾಗಿತ್ತು. ಕೆಲವೇ ಮೆಗಾಬೈಟ್ ಮೆಮೊರಿಯ ಸಣ್ಣ ಸಾಧನಗಳಿಗಾಗಿ ಮ್ಯಾಟ್ ಮ್ಯಾಕಲ್ ಬರೆದ ಸ್ಲೊಬ್, 2006ರಿಂದ ಕರ್ನಲ್‌ನಲ್ಲಿತ್ತು. ಕೆಲವು ನೂರು ಸಾಲಿನ ಪುಟ್ಟ ಕೋಡ್. ಅದರ ಪಾಡಿಗೆ ಅದು ಇದ್ದರೆ ಯಾರಿಗೇನು ತೊಂದರೆ ಅನ್ನಿಸಬಹುದು, ಆದರೆ ತೊಂದರೆ ಕೊಟ್ಟದ್ದು ಅದೇ. ಅಳತೆ ಹೇಳಿ ಮೆಮೊರಿ ಕೇಳುವ ಕೆಮ್ಯಾಲಾಕ್ ಎಂಬ ಕರೆಯಿಂದ ಪಡೆದದ್ದರ ಮುಂದೆ ಸ್ಲೊಬ್ ಅದರ ಅಳತೆಯನ್ನು ಬರೆದಿಡುತ್ತಿತ್ತು. ಹೆಸರಿರುವ ಕ್ಯಾಶ್‌ನಿಂದ ಕೊಟ್ಟದ್ದರ ಮುಂದೆ ಬರೆಯುತ್ತಿರಲಿಲ್ಲ. ಹೀಗಾಗಿ ಕ್ಯಾಶ್‌ನಿಂದ ಪಡೆದದ್ದನ್ನು, ಮೆಮೊರಿ ಹಿಂದಿರುಗಿಸುವ ಕೆಫ್ರೀ ಎಂಬ ಕರೆಯ ಮೂಲಕ ಬಿಡುವಂತಿರಲಿಲ್ಲ, ಯಾವ ಕ್ಯಾಶ್ ಎಂದು ಹೇಳಿಯೇ ಬಿಡಬೇಕಿತ್ತು. ಸ್ಲ್ಯಾಬ್‌ಗೂ ಸ್ಲಬ್‌ಗೂ ಈ ನಿರ್ಬಂಧ ಬೇಕಿರಲಿಲ್ಲ. ಹತ್ತಾರು ಮೆಗಾಬೈಟ್ ಕೂಡ ಇಲ್ಲದ ಸಾಧನಗಳಿಗಾಗಿ ಇಡೀ ಕರ್ನಲ್‌ನ ಡೆವಲಪರ್‌ಗಳು ಒಂದು ನಿಯಮ ಪಾಲಿಸುತ್ತಿದ್ದರು.

ಮೂರನ್ನೂ ಸಾಕುವ ಖರ್ಚು ಹೊಸ ಸೌಲಭ್ಯ ಬಂದಾಗಲೆಲ್ಲ ಕಾಣಿಸುತ್ತಿತ್ತು. ದಾಳಿಕೋರರಿಗೆ ಊಹಿಸಲಾಗದಂತೆ ಖಾಲಿ ತುಂಡುಗಳ ಕ್ರಮವನ್ನು ಕಲಸುವ ಕೆಲಸವನ್ನು 2016ರಲ್ಲಿ ಮೊದಲು ಸ್ಲ್ಯಾಬ್‌ಗೆ, ಆಮೇಲೆ ಸ್ಲಬ್‌ಗೆ ಎಂದು ಎರಡು ಸಲ ಮಾಡಬೇಕಾಯಿತು. ನಿಗದಿತ ಸಮಯದೊಳಗೆ ಉತ್ತರಿಸಲೇಬೇಕಾದ ಕೆಲಸಗಳಿಗೆಂದು ಇರುವ ರಿಯಲ್‌ಟೈಮ್ ಕರ್ನಲ್ ಅಂತೂ ಸ್ಲಬ್ ಬಿಟ್ಟು ಬೇರೆಯದರ ಜೊತೆ ಓಡುತ್ತಲೇ ಇರಲಿಲ್ಲ.

ಕ್ಯಾಶ್‌ಗಳ ಸಂಖ್ಯೆ ಕಡಿಮೆ ಮಾಡುವ ಇನ್ನೊಂದು ದೊಡ್ಡ ಕೆಲಸ 2020ರಲ್ಲಿ ನಡೆಯಿತು. ಪ್ರೋಗ್ರಾಮ್‌ಗಳನ್ನು ಗುಂಪುಗುಂಪಾಗಿ ಬೇರ್ಪಡಿಸಿ ಓಡಿಸುವ ಕಂಟೇನರ್‌ಗಳು ಬಂದ ಮೇಲೆ ಯಾರು ಎಷ್ಟು ಮೆಮೊರಿ ತಿಂದರು ಎಂದು ಅಳೆಯಲು ಪ್ರತಿ ಗುಂಪಿಗೂ ಕ್ಯಾಶ್‌ಗಳ ಪ್ರತ್ಯೇಕ ನಕಲು ಮಾಡುತ್ತಿದ್ದರು. ನೂರಾರು ಗುಂಪುಗಳಿದ್ದರೆ ನೂರಾರು ನಕಲು, ಎಲ್ಲವೂ ಅರೆಖಾಲಿ. ಫೇಸ್‌ಬುಕ್‌ನ ರೋಮನ್ ಗುಶ್ಚಿನ್ ಅದನ್ನು ಬದಲಿಸಿ, ಎಲ್ಲರೂ ಒಂದೇ ಕ್ಯಾಶ್ ಹಂಚಿಕೊಂಡು, ವಸ್ತು ಯಾರದೆಂಬ ಗುರುತನ್ನು ಮಾತ್ರ ಪಕ್ಕದಲ್ಲಿ ಬರೆದಿಡುವಂತೆ ಮಾಡಿದರು. 5.9ರಲ್ಲಿ ಬಂದ ಈ ಬದಲಾವಣೆಯಿಂದ ದೊಡ್ಡ ಸರ್ವರ್‌ಗಳಲ್ಲಿ ನೂರಾರು ಮೆಗಾಬೈಟ್ ಉಳಿಯಿತು. ಸ್ಲ್ಯಾಬ್-ಸ್ಲಬ್ ಜಗಳದಷ್ಟು ಸದ್ದು ಇದು ಮಾಡಲಿಲ್ಲ, ಲಾಭ ಮಾತ್ರ ಕಡಿಮೆಯದಲ್ಲ.

ಕೊನೆಗೆ ಕತ್ತರಿ ಹಿಡಿದವರು ಸೂಸೆ ಕಂಪನಿಯ ವ್ಲಾಸ್ಟಿಮಿಲ್ ಬಾಬ್ಕಾ. ಮೊದಲು ಸ್ಲೊಬ್. 6.2ರಲ್ಲಿ ಸ್ಲಬ್‌ಗೇ ಒಂದು 'ಟೈನಿ' ರೂಪ ಸೇರಿಸಿ, 16 ಮೆಗಾಬೈಟ್‌ಗಿಂತ ಹೆಚ್ಚು ಮೆಮೊರಿ ಇರುವವರಿಗೆ ಇದು ಬೇಡ ಎಂದು ಬರೆದರು. 6.4ರಲ್ಲಿ ಸ್ಲೊಬ್ ಹೋಯಿತು, ಅದರ ಜೊತೆಗೇ ಕೆಫ್ರೀ ಮೇಲಿನ ನಿರ್ಬಂಧವೂ ಹೋಯಿತು. 6.5ರಲ್ಲಿ ಸ್ಲ್ಯಾಬ್ ಆಯ್ಕೆಯ ಹೆಸರಿಗೇ 'ಡೆಪ್ರಿಕೇಟೆಡ್' (ಇನ್ನು ಬಳಸಬೇಡಿ) ಎಂದು ಸೇರಿಸಿದರು. ಹಳೆಯ ಸಂರಚನೆಯನ್ನೇ ಕಣ್ಣುಮುಚ್ಚಿ ಬಳಸುವವರು ಅಲ್ಲಿ ಎಡವಿ, ತಮಗೆ ಸ್ಲ್ಯಾಬ್ ಯಾಕೆ ಬೇಕೆಂದು ಬಂದು ಹೇಳಲಿ ಎಂಬ ಉಪಾಯ. ತಡೆಯುವಂಥ ಕಾರಣ ಬರಲಿಲ್ಲ, 6.8ರಲ್ಲಿ ತೆಗೆದರು.

ಅಲ್ಲಿಗೆ ಎಲ್ಲ ಸರಳವಾಯಿತೆ? ಭದ್ರತೆಯ ಕಡೆಯವರಿಗೆ ಕ್ಯಾಶ್‌ಗಳನ್ನು ಒಟ್ಟು ಸೇರಿಸುವುದೇ ಇಷ್ಟವಿಲ್ಲ. ಒಂದು ಬಗೆಯ ವಸ್ತುವಿನ ಪಕ್ಕ ಇನ್ನೊಂದು ಬಗೆಯದು ಕೂತರೆ ದಾಳಿಗೆ ದಾರಿ ಸಲೀಸು. 2023ರ 6.6ರಲ್ಲಿ ಕೆಮ್ಯಾಲಾಕ್ ಕ್ಯಾಶ್‌ಗಳಿಗೆ ಹಲವು ನಕಲು ಮಾಡಿ, ಕರೆ ಬಂದ ಜಾಗಕ್ಕೆ ತಕ್ಕಂತೆ ಒಂದನ್ನು ಬಳಸುವ ಆಯ್ಕೆ ಬಂತು. ವೇಗದ ಕಡೆಯ ಹಳೆಯ ದೂರೂ ತೀರಿರಲಿಲ್ಲ. 2025ರ ನವೆಂಬರ್ ಕೊನೆಗೆ ಬಂದ 6.18ರಲ್ಲಿ ಸ್ಲಬ್‌ನ ಮೇಲೆ 'ಶೀವ್ಸ್' ಎಂಬ ಪದರವೊಂದು ಸೇರಿತು. ಪ್ರತಿ ಪ್ರೊಸೆಸರ್‌ಗೂ ವಸ್ತುಗಳ ಒಂದು ಸಾಲು, ಅಂದರೆ ಲ್ಯಾಮೀಟರ್ ಕಿತ್ತುಹಾಕಿದ್ದ ಕ್ಯೂನ ಸಂಬಂಧಿಯೇ. ಬರೆದವರು ಸ್ಲ್ಯಾಬ್ ತೆಗೆದ ಅದೇ ಬಾಬ್ಕಾ. ಆದರೆ ಈ ಸಲ ಏಲಿಯನ್ ಕ್ಯೂ ಇಲ್ಲ. ಬೇರೆ ನೋಡ್‌ನ ವಸ್ತು ಬಂದರೆ ಅದು ಸಾಲಿಗೆ ಸೇರದೆ ನೇರ ತನ್ನ ಪುಟಕ್ಕೆ ಹೋಗುತ್ತದೆ. ಆ ಆವೃತ್ತಿಯಲ್ಲಿ ಇದನ್ನು ಬಳಸಿಕೊಂಡದ್ದೂ ಬೇಕೆಂದು ಕೇಳಿದ ಕ್ಯಾಶ್‌ಗಳು ಮಾತ್ರ. ಮೊದಲ ಸರದಿ, ಪ್ರೋಗ್ರಾಮ್‌ಗಳ ಮೆಮೊರಿ ವಲಯಗಳನ್ನು ದಾಖಲಿಸುವ ವಸ್ತುಗಳದು ಮತ್ತು ಆ ವಲಯಗಳನ್ನು ಜೋಡಿಸಿಡುವ ಮೇಪಲ್ ಟ್ರೀ ನೋಡ್‌ಗಳದು.