ಬ್ರಿಟನ್ನಿನಲ್ಲಿ ವೋಟು ಹಾಕಲು ಬ್ರಿಟಿಷ್ ಪಾಸ್‌ಪೋರ್ಟೇ ಬೇಕಿಲ್ಲ

ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ವರ್ಕ್ ವೀಸಾದಲ್ಲಿ ಬ್ರಿಟನ್ನಿನಲ್ಲಿ ಇರುವವರು ಇಲ್ಲಿನ ಸಂಸತ್ ಚುನಾವಣೆಯಲ್ಲಿ ವೋಟು ಹಾಕಬಹುದು. ಸ್ಟೂಡೆಂಟ್ ವೀಸಾ, ಡಿಪೆಂಡೆಂಟ್ ವೀಸಾ ಆದರೂ ಸರಿ. ಹದಿನೆಂಟು ತುಂಬಿರಬೇಕು, ಇಲ್ಲಿ ವಾಸ ಇರಬೇಕು, ವೀಸಾ ಚಾಲ್ತಿಯಲ್ಲಿರಬೇಕು, ಪಟ್ಟಿಯಲ್ಲಿ ಹೆಸರಿರಬೇಕು. ಅಷ್ಟೆ. ನಾನು ಇಂಗ್ಲೆಂಡಿನ ಒಂದು ಕೌನ್ಸಿಲ್‌ನ, ಅಂದರೆ ಸ್ಥಳೀಯ ಆಡಳಿತದ, ಮತದಾರರ ನೋಂದಣಿ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಯುಗಾದಿ, ರಾಜ್ಯೋತ್ಸವ ಅಂತ ಕನ್ನಡದವರು ಸೇರಿದಾಗ ಈ ಮಾತು ಹೇಳಿದರೆ ಸುಮಾರು ಜನ ನಂಬುವುದೇ ಇಲ್ಲ. "ಏನ್ ಸಾರ್, ಅದೆಲ್ಲ ಸಿಟಿಜನ್‌ಶಿಪ್ ಸಿಕ್ಕಿದ ಮೇಲೆ ಅಲ್ವಾ?" ಅನ್ನುತ್ತಾರೆ.

ಅಲ್ಲ. 1983ರ ಇಲ್ಲಿನ ಜನಪ್ರತಿನಿಧಿ ಕಾಯ್ದೆ ಕಾಮನ್‌ವೆಲ್ತ್ (ಹೆಚ್ಚಾಗಿ ಹಿಂದೆ ಬ್ರಿಟನ್ ಆಳಿದ ದೇಶಗಳ ಕೂಟ) ದೇಶಗಳ ಪ್ರಜೆಗಳಿಗೆ ಈ ಹಕ್ಕು ಕೊಟ್ಟಿದೆ. ಇದರ ಬೇರು ಇನ್ನೂ ಹಳೆಯದು. ಸಾಮ್ರಾಜ್ಯದ ಕಾಲದಲ್ಲಿ ಭಾರತೀಯರೂ ಬ್ರಿಟಿಷ್ ಪ್ರಜೆಗಳೇ ಆಗಿದ್ದರು. 1892ರಲ್ಲಿ ದಾದಾಭಾಯಿ ನವರೋಜಿ ಲಂಡನ್ನಿನ ಫಿನ್ಸ್‌ಬರಿ ಸೆಂಟ್ರಲ್‌ನಿಂದ ಗೆದ್ದು ಸಂಸತ್ತಿಗೆ ಹೋದರು. ಗೆದ್ದಿದ್ದು ಬೆರಳೆಣಿಕೆಯ ವೋಟಿನಲ್ಲಿ. ಸ್ವಾತಂತ್ರ್ಯ ಬಂದ ಮೇಲೆ, 1949ರ ಲಂಡನ್ ಘೋಷಣೆಯಲ್ಲಿ, ಗಣರಾಜ್ಯ ಆದರೂ ಕಾಮನ್‌ವೆಲ್ತ್‌ನಲ್ಲೇ ಉಳಿಯುತ್ತೇವೆ ಅಂತ ಭಾರತ ಒಪ್ಪಿಕೊಂಡಿತು. ಹಕ್ಕೂ ಉಳಿಯಿತು. ಅಮೆರಿಕದಲ್ಲಿರುವ ನಿಮ್ಮ ತಮ್ಮನಿಗೆ ಗ್ರೀನ್ ಕಾರ್ಡ್ ಬಂದಿದ್ದರೂ ಅಧ್ಯಕ್ಷರ ಚುನಾವಣೆಯಲ್ಲಿ ವೋಟಿಲ್ಲ. ಹೋದ ತಿಂಗಳು ಇಲ್ಲಿಗೆ ಬಂದ ನಿಮಗೆ ಇದೆ.

ಹಾಗಿದ್ದರೂ ನಮ್ಮವರು ಹಾಕುವುದು ಕಡಿಮೆ. ರಾಜಕೀಯದ ಆಸಕ್ತಿ ಇಲ್ಲ ಅನ್ನುವ ಹಾಗಿಲ್ಲ. 2024ರ ಜೂನ್ 4ರಂದು ಲೋಕಸಭೆಯ ಎಣಿಕೆ ನೋಡಲು ಬೆಳಗಿನ ಜಾವದಿಂದಲೇ ಯೂಟ್ಯೂಬ್ ಮುಂದೆ ಕೂತವರು ಎಷ್ಟೋ ಜನ. ಸರಿಯಾಗಿ ಒಂದು ತಿಂಗಳಿಗೆ, ಜುಲೈ 4ರಂದು, ಇಲ್ಲಿನ ಚುನಾವಣೆ. ಅದೇ ಜನಕ್ಕೆ ತಮ್ಮ ಕ್ಷೇತ್ರದ ಹೆಸರೂ ಗೊತ್ತಿರಲಿಲ್ಲ.

ಮುಖ್ಯ ಕಾರಣ ಭಯ. ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಮನಸ್ಸಿನಲ್ಲಿ ಇರುತ್ತದೆ. ವೋಟು ಹಾಕಿದರೆ ಐಎಲ್‌ಆರ್‌ಗೆ, ಅಂದರೆ ಇಲ್ಲಿ ಕಾಯಂ ಆಗಿ ಇರುವ ಪರವಾನಗಿಗೆ, ತೊಂದರೆ ಆಗುತ್ತಾ? ಇಲ್ಲ. ಹಕ್ಕಿರುವವರು ಹಾಕಿದ ವೋಟು ಯಾವ ಅರ್ಜಿಗೂ ಅಡ್ಡ ಬರುವುದಿಲ್ಲ. ಯಾರಿಗೆ ಹಾಕಿದಿರಿ ಅನ್ನುವುದು ಗುಟ್ಟು. ಭಾರತದ ಪೌರತ್ವ ಹೋಗುತ್ತಾ? ಇಲ್ಲ. ಅದು ಹೋಗುವುದು ಬೇರೆ ದೇಶದ ಪೌರತ್ವ ತೆಗೆದುಕೊಂಡರೆ, ಬೇರೆ ದೇಶದ ಮತಗಟ್ಟೆಗೆ ಹೋದರೆ ಅಲ್ಲ. ಅರ್ಜಿಯಲ್ಲಿ ಸುಳ್ಳು ಬರೆಯುವುದು ಮಾತ್ರ ಅಪರಾಧ. ವೀಸಾ ಮುಗಿದವರು ಸುಮ್ನೆ ಕೈ ಹಾಕಬೇಡಿ.

ಭಯ ಹೋದ ಮೇಲೆ "ನಮಗ್ಯಾಕೆ ಬಿಡಿ ಇವರ ಮನೆ ವಿಷಯ" ಅನ್ನುವವರು ಸಿಗುತ್ತಾರೆ. ಅವರಿಗೆ ಕರ್ತವ್ಯ, ಪ್ರಜಾಪ್ರಭುತ್ವ ಅಂತ ಭಾಷಣ ಮಾಡಿದರೆ ಚಪ್ಪಾಳೆ ತಟ್ಟಿ ಊಟದ ಸಾಲಿಗೆ ಹೋಗುತ್ತಾರೆ. ನಾನು ಲೆಕ್ಕ ತೆಗೆಯುತ್ತೇನೆ. 2024ರ ಫೆಬ್ರುವರಿಯಿಂದ ವೀಸಾ ಜೊತೆ ಕಟ್ಟುವ ಆರೋಗ್ಯ ಸರ್‌ಚಾರ್ಜ್ (ಸರ್ಕಾರಿ ಆರೋಗ್ಯ ಸೇವೆಯ ಶುಲ್ಕ) ದೊಡ್ಡವರಿಗೆ ವರ್ಷಕ್ಕೆ 1,035 ಪೌಂಡ್, ಮಕ್ಕಳಿಗೆ 776. ಗಂಡ, ಹೆಂಡತಿ, ಇಬ್ಬರು ಮಕ್ಕಳು, ಐದು ವರ್ಷ ಅಂದರೆ 18,000 ಪೌಂಡ್ ದಾಟುತ್ತದೆ. ಐಎಲ್‌ಆರ್‌ಗೆ ಕಾಯುವ ಐದು ವರ್ಷವನ್ನು ಹತ್ತು ಮಾಡುವ ಪ್ರಸ್ತಾಪ ಬಂದಿದ್ದು 2025ರ ಮೇ ತಿಂಗಳ ಸರ್ಕಾರದ ಶ್ವೇತಪತ್ರದಲ್ಲಿ. ಇವೆಲ್ಲ ವೆಸ್ಟ್‌ಮಿನ್‌ಸ್ಟರ್‌ನಲ್ಲಿ, ಅಂದರೆ ಇಲ್ಲಿನ ಸಂಸತ್ತಿನಲ್ಲಿ, ಆಗುವ ತೀರ್ಮಾನ. ನಮ್ಮ ಮನೆ ವಿಷಯವೇ ತಾನೆ? ಒಂದು ವೋಟಿನಿಂದ ಏನಾಗುತ್ತೆ ಅಂದರೆ ಹೆಂಡನ್ ಕ್ಷೇತ್ರದ ಕಥೆ ಹೇಳುತ್ತೇನೆ. ಉತ್ತರ ಲಂಡನ್ನಿನ ಆ ಸೀಟು 2024ರಲ್ಲಿ 15 ವೋಟಿನಲ್ಲಿ ಕೈ ಬದಲಾಯಿತು.

ಇಷ್ಟಕ್ಕೂ ಬಗ್ಗದವರಿಗೆ ಮಾರ್ಟ್‌ಗೇಜ್, ಅಂದರೆ ಮನೆ ಸಾಲದ, ಮಾತು ತೆಗೆಯುತ್ತೇನೆ. ಸಾಲ ಕೇಳುವವರ ಲೆಕ್ಕ ಇಡುವ ಕ್ರೆಡಿಟ್ ಏಜೆನ್ಸಿಗಳು ವಿಳಾಸ ಖಚಿತ ಮಾಡಿಕೊಳ್ಳಲು ಮತದಾರರ ಪಟ್ಟಿ ನೋಡುತ್ತವೆ. ಹೆಸರಿದ್ದರೆ ಸಾಲ ಸಿಗುವುದು ಸ್ವಲ್ಪ ಸಲೀಸು. ಆದರ್ಶದ ಮಾತಲ್ಲ, ನಿಜ. ಆದರೆ ನೋಂದಣಿಗೆ ಅಂತ ಫೋನ್ ಜೇಬಿನಿಂದ ಹೊರಗೆ ಬರುವುದು ಆಗಲೇ.

ನೋಂದಣಿ ಆನ್‌ಲೈನ್‌ನಲ್ಲಿ ಐದು ನಿಮಿಷದ ಕೆಲಸ. ನಮ್ಮವರು ಎಡವುವುದು ಹೆಸರಿನಲ್ಲಿ. ಒಬ್ಬ ಮಂಜುನಾಥ ಅಂತ ಇಟ್ಟುಕೊಳ್ಳಿ. ಊರಲ್ಲಿ ಎಚ್. ಎನ್. ಮಂಜುನಾಥ. ಪಾಸ್‌ಪೋರ್ಟಿನಲ್ಲಿ ಇನಿಶಿಯಲ್ ಬಿಡಿಸಿ ಹೊಸಹಳ್ಳಿ ನಾರಾಯಣಪ್ಪ ಮಂಜುನಾಥ. ಕೆಲಸ ಮಾಡುವವರಿಗೆ ಸರ್ಕಾರ ಕೊಡುವ ನ್ಯಾಷನಲ್ ಇನ್ಶೂರೆನ್ಸ್ (ಎನ್‌ಐ) ನಂಬರಿನ ಪತ್ರದಲ್ಲಿ ಮಂಜುನಾಥ ನಾರಾಯಣಪ್ಪ. ಅರ್ಜಿಯಲ್ಲಿ ಬರೀ ಮಂಜು. ಅರ್ಜಿಯ ಹೆಸರು, ಹುಟ್ಟಿದ ದಿನ, ಎನ್‌ಐ ನಂಬರ್ ಮೂರನ್ನೂ ಸರ್ಕಾರದ ಪಿಂಚಣಿ ಇಲಾಖೆಯ ದಾಖಲೆಯ ಜೊತೆ ತಾಳೆ ನೋಡುತ್ತಾರೆ. ತಾಳೆ ಆಗದಿದ್ದರೆ ದಾಖಲೆ ಕಳಿಸಿ ಅಂತ ನಮ್ಮ ಆಫೀಸಿನಿಂದ ಪತ್ರ ಬರುತ್ತದೆ. ಕೌನ್ಸಿಲ್ ಪತ್ರ ಅಂದರೆ ಟ್ಯಾಕ್ಸ್ ಇರಬೇಕು ಅಂತ ಪಕ್ಕಕ್ಕಿಡುವವರು ಜಾಸ್ತಿ. ಅಲ್ಲಿಗೆ ಕಥೆ ಮುಗಿಯಿತು. ಎನ್‌ಐ ದಾಖಲೆಯಲ್ಲಿ ಹೇಗಿದೆಯೋ ಹಾಗೇ ಬರೆಯಿರಿ. ಆ ನಂಬರ್ ಇನ್ನೂ ಬಾರದ ಗೃಹಿಣಿಯರೂ ಅರ್ಜಿ ಹಾಕಬಹುದು. ಯಾಕಿಲ್ಲ ಅಂತ ಬರೆದು, ಕೇಳಿದಾಗ ಪಾಸ್‌ಪೋರ್ಟಿನ ಪ್ರತಿ ಕೊಟ್ಟರೆ ಸಾಮಾನ್ಯವಾಗಿ ಕೆಲಸ ಆಗುತ್ತದೆ.

ಇನ್ನೊಂದು ವಿಷಯ. ಹಿಂದೆ ಮನೆಯ ಯಜಮಾನ ಎಲ್ಲರ ಹೆಸರನ್ನೂ ಬರೆದು ಕಳಿಸುತ್ತಿದ್ದ. 2014ರಿಂದ ಅದು ಹೋಯಿತು. ಈಗ ಪ್ರತಿಯೊಬ್ಬರೂ ತಾವೇ ಅರ್ಜಿ ಹಾಕಬೇಕು. "ನಮ್ಮವರು ಹಾಕಿದ್ದಾರೆ" ಅಂತ ನಂಬಿಕೊಂಡ ಎಷ್ಟೋ ಹೆಂಗಸರ ಹೆಸರು ಪಟ್ಟಿಯಲ್ಲೇ ಇರುವುದಿಲ್ಲ. ಬಾಡಿಗೆ ಮನೆ ಬದಲಿಸಿದಾಗಲೂ ಹೊಸದಾಗಿ ಹಾಕಬೇಕು. ಕೊನೆಯ ದಿನ ಮತದಾನಕ್ಕೆ 12 ಕೆಲಸದ ದಿನ ಮುಂಚೆ. 2024ರಲ್ಲಿ ಅದು ಜೂನ್ 18 ಆಗಿತ್ತು.

ಮತದಾನ ಸಾಮಾನ್ಯವಾಗಿ ಗುರುವಾರ, ಬೆಳಿಗ್ಗೆ ಏಳರಿಂದ ರಾತ್ರಿ ಹತ್ತರವರೆಗೆ. ರಜೆ ಇಲ್ಲ, ಬೆರಳಿಗೆ ಶಾಯಿ ಇಲ್ಲ, ಮೆಷಿನ್ ಇಲ್ಲ. ಚರ್ಚ್ ಹಾಲ್‌ನಲ್ಲೋ ಶಾಲೆಯಲ್ಲೋ ಒಂದು ಪೆನ್ಸಿಲ್, ಒಂದು ಚೀಟಿ. ಬಾಗಿಲಲ್ಲಿ ಪಕ್ಷದ ಬಣ್ಣದ ಬಿಲ್ಲೆ ಹಾಕಿಕೊಂಡವರು ಮತದಾರರ ಪಟ್ಟಿಯ ನಿಮ್ಮ ನಂಬರ್ ಕೇಳಿದರೆ ಹೆದರಬೇಡಿ. ಅವರು ಅಧಿಕಾರಿಗಳಲ್ಲ, ಹೇಳಲೇಬೇಕೆಂದಿಲ್ಲ. ಒಳಗೆ ಫೋಟೋ ಐಡಿ ಬೇಕು. ಇಂಗ್ಲೆಂಡಿನಲ್ಲಿ ಸಂಸತ್ತಿನ ಸಾರ್ವತ್ರಿಕ ಚುನಾವಣೆಗೆ ಈ ನಿಯಮ ಮೊದಲು ಅನ್ವಯಿಸಿದ್ದು 2024ರಲ್ಲಿ. ಭಾರತದ ಪಾಸ್‌ಪೋರ್ಟ್ ನಡೆಯುತ್ತದೆ. ಆಧಾರ್, ಊರಿನ ವೋಟರ್ ಐಡಿ, ಫೋನಿನಲ್ಲಿರುವ ಇ-ವೀಸಾ ಯಾವುದೂ ನಡೆಯುವುದಿಲ್ಲ.

ಆ ಸಮಯಕ್ಕೆ ಊರಿಗೆ ಹೊರಟಿದ್ದರೆ ಪೋಸ್ಟಲ್ ವೋಟು ನೆಚ್ಚಬೇಡಿ. ಚೀಟಿ ಮೈಸೂರಿಗೆ ಹೋಗಿ ವಾಪಸ್ ಬರುವಷ್ಟರಲ್ಲಿ ಎಣಿಕೆ ಮುಗಿದಿರುತ್ತದೆ. ನಂಬಿಕೆಯ ಗೆಳೆಯರನ್ನು ಪ್ರಾಕ್ಸಿ, ಅಂದರೆ ನಿಮ್ಮ ಪರವಾಗಿ ವೋಟು ಹಾಕುವವರು, ಮಾಡಿ. ಅವರಿಗೂ ಇಲ್ಲಿ ವೋಟಿನ ಹಕ್ಕಿರಬೇಕು. ಮತಗಟ್ಟೆಯಲ್ಲಿ ಅವರ ಐಡಿ ತೋರಿಸಿದರೆ ಸಾಕು, ನಿಮ್ಮದನ್ನು ಕೇಳುವುದಿಲ್ಲ.