ಮುತ್ತಾತನ ಹೆಸರೊಂದೇ ಗೊತ್ತು, ಎಲ್ಲಿಂದ ಹುಡುಕಲಿ?

ಪ್ರಶ್ನೆ: ನಮ್ಮದು ತುಮಕೂರು ಜಿಲ್ಲೆಯ ರೈತ ಕುಟುಂಬ. ತಾತನ ತಂದೆಯ ಹೆಸರು ಬಿಟ್ಟರೆ ಅವರ ಬಗ್ಗೆ ಮನೆಯಲ್ಲಿ ಯಾರಿಗೂ ಏನೂ ತಿಳಿಯದು. ಜನನ ಪತ್ರವಿಲ್ಲ, ಒಂದು ಫೋಟೋ ಕೂಡ ಇಲ್ಲ. ದಾಖಲೆಗಳಲ್ಲಿ ಅವರು ಸಿಗುತ್ತಾರೆಯೇ?

ಉತ್ತರ: ಸಿಗುವ ಸಾಧ್ಯತೆ ಚೆನ್ನಾಗಿಯೇ ಇದೆ. ಆದರೆ ಹೆಸರು ಹಿಡಿದು ಹೊರಡಬೇಡಿ, ಜಮೀನಿನ ಸರ್ವೆ ನಂಬರ್ ಹಿಡಿದು ಹೊರಡಿ. ತಾತನ ಹೆಸರನ್ನು ಮೊಮ್ಮಗನಿಗೆ ಇಡುವುದು ನಮ್ಮ ರೂಢಿ. ಒಂದೇ ಊರಿನಲ್ಲಿ ಒಂದೇ ಹೆಸರಿನವರು ಮೂರು ನಾಲ್ಕು ಮಂದಿ ಇರುತ್ತಾರೆ. ಹೊಲ ಮಾತ್ರ ಇದ್ದಲ್ಲೇ ಇರುತ್ತದೆ.

ಇಂದಿನ ಪಹಣಿಯಿಂದ ಶುರು ಮಾಡಿ. ಅದರ 9ನೇ ಕಾಲಂನಲ್ಲಿ ಖಾತೆದಾರರ ಹೆಸರು, ಪಕ್ಕದ 10ನೇ ಕಾಲಂನಲ್ಲಿ ಆ ಜಮೀನು ಅವರಿಗೆ ಬಂದ ಬಗೆ ಮತ್ತು ಮ್ಯುಟೇಶನ್, ಅಂದರೆ ಖಾತೆ ಬದಲಾವಣೆಯ ಸಂಖ್ಯೆ ಇರುತ್ತವೆ. ಆ ಸಂಖ್ಯೆಯೇ ಒಂದು ತಲೆಮಾರು ಹಿಂದಕ್ಕೆ ಇಳಿಯುವ ಮೆಟ್ಟಿಲು. ಕಂಪ್ಯೂಟರ್ ಬರುವುದಕ್ಕೆ ಮುಂಚಿನ ಕೈಬರಹದ ಪಹಣಿ ಮತ್ತು ಮ್ಯುಟೇಶನ್ ವಹಿಗಳು ತಾಲ್ಲೂಕು ಕಚೇರಿಯ ಅಭಿಲೇಖಾಲಯದಲ್ಲಿರುತ್ತವೆ. ಅರ್ಜಿ ಕೊಟ್ಟು ನಕಲು ಪಡೆಯಬಹುದು. ಅಲ್ಲಿ ನೀವು ಮುಖ್ಯವಾಗಿ ಹುಡುಕಬೇಕಾದದ್ದು ಪೌತಿ ಖಾತೆ. ತೀರಿಕೊಂಡವರು ಯಾರು, ವಾರಸುದಾರರು ಯಾರು ಎಂಬುದು ಅದರಲ್ಲಿ ದಾಖಲಾಗಿರುತ್ತದೆ. ಸರ್ವೆ ನಂಬರಿನ ಮುಂದೆ 1, 2 ಎಂದು ಹಿಸ್ಸಾ ಸಂಖ್ಯೆ ಕಂಡರೆ ಆ ಹೊಲ ಯಾವಾಗಲೋ ಒಡೆದಿದೆ ಎಂದರ್ಥ. ಮಾರಾಟವಾಗಿರಬಹುದು, ಅಣ್ಣತಮ್ಮಂದಿರ ಪಾಲೂ ಆಗಿರಬಹುದು. ಮನೆಯವರು ಮರೆತೇಬಿಟ್ಟ ಚಿಕ್ಕತಾತನೊಬ್ಬ ಅಲ್ಲಿ ಸಿಗುವುದುಂಟು.

ಎರಡು ವಿಷಯ ಗಮನದಲ್ಲಿರಲಿ. ಪೌತಿ ಖಾತೆಯ ತಾರೀಖು ಸಾವಿನ ತಾರೀಖಲ್ಲ. ಎಷ್ಟೋ ಮನೆಗಳಲ್ಲಿ ಸಾಲಕ್ಕೋ ಮಾರಾಟಕ್ಕೋ ಕಾಗದ ಬೇಕಾದಾಗಲೇ, ಹತ್ತಿಪ್ಪತ್ತು ವರ್ಷ ತಡವಾಗಿ ಖಾತೆ ಬದಲಾಗಿರುತ್ತದೆ. ಎರಡನೆಯದು, ವಾರಸುದಾರರ ಪಟ್ಟಿಯಲ್ಲಿ ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹೆಸರು ಬಹಳ ಸಲ ಇರುವುದೇ ಇಲ್ಲ. ಪಟ್ಟಿಯಲ್ಲಿಲ್ಲ ಎಂದು ಅವರನ್ನು ನಿಮ್ಮ ವಂಶವೃಕ್ಷದಿಂದಲೂ ಬಿಡಬೇಡಿ, ದಯವಿಟ್ಟು.

ಖಾತೆಗಿಂತ ಹೆಚ್ಚು ಮಾತಾಡುವುದು ಹಳೆಯ ಪತ್ರಗಳು: ಕ್ರಯಪತ್ರ (ಮಾರಾಟದ್ದು), ಭೋಗ್ಯಪತ್ರ (ಸಾಲಕ್ಕೆ ಜಮೀನು ಒತ್ತೆ ಇಟ್ಟದ್ದು), ಪಾಲುಪಾರೀಕತ್ತು (ಆಸ್ತಿ ಪಾಲಿನದು). ನಮ್ಮ ಮನೆಯ ಟ್ರಂಕಿನಲ್ಲಿ ಎಂಟು ಮಡಿಕೆ ಮಾಡಿಟ್ಟ ಒಂದು ಭೋಗ್ಯಪತ್ರವಿತ್ತು. ಮಡಿಕೆಯ ಗೆರೆಗಳಲ್ಲಿ ಛಾಪಾ ಕಾಗದ ಹರಿದು, ಅಲ್ಲಲ್ಲಿ ಅಕ್ಷರವೇ ಉದುರಿಹೋಗಿತ್ತು. ಗಂಡಸರ ಹೆಸರಿನ ಮುಂದೆ ‘ಬಿನ್’, ಅಂದರೆ ಮಗ. ಹೆಂಗಸರ ಹೆಸರಿನ ಮುಂದೆ ‘ಕೋಂ’, ಅಂದರೆ ಹೆಂಡತಿ. ನನ್ನ ಮುತ್ತಜ್ಜಿಯನ್ನು ಮನೆಯಲ್ಲಿ ಎಲ್ಲರೂ ‘ದೊಡ್ಡಮ್ಮ’ ಎಂದೇ ಕರೆಯುತ್ತಿದ್ದರಂತೆ, ಆಕೆಯ ಹೆಸರು ಯಾರಿಗೂ ನೆನಪಿರಲಿಲ್ಲ. ಅದು ನನಗೆ ಸಿಕ್ಕಿದ್ದು ಆ ‘ಕೋಂ’ ಎಂಬ ಅಕ್ಷರದ ಹಿಂದೆ. ಕೆಳಗೆ ನೀಲಿ ಮಸಿಯ ಹೆಬ್ಬೆಟ್ಟಿನ ಗುರುತು. ‘ಗೃಹಕೃತ್ಯದ ಖರ್ಚಿಗಾಗಿ’ ಎಂದು ಸಾಲದ ಕಾರಣ ಬರೆದಿತ್ತು. ಆ ಗುರುತಿನ ಪಕ್ಕ ನನ್ನ ಬೆರಳಿಟ್ಟು ನೋಡಿದೆ. ಆಕೆಯದು ನನ್ನದಕ್ಕಿಂತ ಚಿಕ್ಕದು.

ಇಂಥ ಪತ್ರ ಸಿಕ್ಕರೆ ಚೆಕ್ಕುಬಂದಿಯನ್ನು ತಪ್ಪದೆ ಓದಿ. ಪೂರ್ವಕ್ಕೆ ಇಂಥವರ ಹೊಲ, ಪಶ್ಚಿಮಕ್ಕೆ ಹಳ್ಳ, ಉತ್ತರಕ್ಕೆ ಓಣಿ ಎಂದು ನಿಮ್ಮ ಮುತ್ತಾತ ದಿನವೂ ನೋಡುತ್ತಿದ್ದ ನಾಲ್ಕು ದಿಕ್ಕೂ ಅಲ್ಲಿರುತ್ತದೆ. ಪಕ್ಕದ ಹೊಲದವರು ಬಹಳ ಸಲ ದಾಯಾದಿಗಳೇ. ಮನೆಯಲ್ಲಿ ಪತ್ರವಿಲ್ಲದಿದ್ದರೂ, ಅದು ನೋಂದಣಿಯಾಗಿದ್ದರೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ನಕಲು ಕೇಳಬಹುದು.

ಹಳೆಯ ಕಾಗದದಲ್ಲಿ ಇಸವಿಯ ಬದಲು ಸಂವತ್ಸರ ಇದ್ದರೆ ಗಾಬರಿ ಬೇಡ. ಸಂವತ್ಸರಗಳು 60 ವರ್ಷಕ್ಕೊಮ್ಮೆ ಮರಳಿ ಬರುತ್ತವೆ. ಬಹುಧಾನ್ಯ ಎಂದಿದ್ದರೆ ಅದು 1938–39 ಇಲ್ಲವೇ 1878–79. ಯಾವುದು ಎಂಬುದನ್ನು ಪತ್ರದಲ್ಲಿರುವ ಜನರ ತಲೆಮಾರು ಹೇಳುತ್ತದೆ. ಹಿರಿಯರ ಮಾತಿಗೂ ಇದೇ ಲೆಕ್ಕ ಹಾಕಬಹುದು. ‘ಧಾತು ಈಶ್ವರದ ಬರದಲ್ಲಿ ನಮ್ಮವರು ಈ ಊರಿಗೆ ಬಂದರು’ ಎಂದರೆ, ಧಾತು ಮತ್ತು ಈಶ್ವರ ಎರಡೂ ಸಂವತ್ಸರಗಳ ಹೆಸರು, ಅದು 1876–78ರ ಮಹಾಕ್ಷಾಮ.

ಸ್ವಂತ ಜಮೀನಿಲ್ಲದವರ ಜಾಡು ಹಿಡಿಯುವುದು ಕಷ್ಟ. ದಾಖಲೆಗಳು ಉಳ್ಳವರನ್ನು ನೆನಪಿಟ್ಟಷ್ಟು ದುಡಿದವರನ್ನು ನೆನಪಿಡಲಿಲ್ಲ ಎಂಬುದು ನನ್ನನ್ನು ಈಗಲೂ ನೋಯಿಸುತ್ತದೆ. ಗೇಣಿದಾರರಾಗಿದ್ದರೆ 1974ರ ಭೂಸುಧಾರಣೆಯ ನಂತರ, ಉಳುತ್ತಿದ್ದ ಜಮೀನಿನ ಹಕ್ಕು ಕೋರಿ ಭೂನ್ಯಾಯಮಂಡಳಿಗೆ ಸಲ್ಲಿಸಿದ ನಮೂನೆ 7ರ ಅರ್ಜಿಯಲ್ಲಿ ಹೆಸರು ಸಿಗಬಹುದು. ತಾತ ಶಾಲೆಗೆ ಹೋಗಿದ್ದರೆ ಅಲ್ಲಿನ ದಾಖಲಾತಿ ವಹಿಯಲ್ಲಿ ಅವರ ತಂದೆಯ ಹೆಸರೂ ಕಸುಬೂ ಇರಬಹುದು. ಜನ್ಮದಿನಾಂಕವನ್ನು ಮಾತ್ರ ನಂಬಬೇಡಿ, ಅದು ಎಷ್ಟೋ ಸಲ ಮೇಷ್ಟ್ರು ಅಂದಾಜಿನಲ್ಲಿ ಬರೆದದ್ದು. ಕ್ರೈಸ್ತ ಕುಟುಂಬಗಳಿಗೆ ಚರ್ಚಿನ ದೀಕ್ಷಾಸ್ನಾನದ ವಹಿಗಳಿವೆ. ಉತ್ತರ ಕರ್ನಾಟಕದವರಾದರೆ ಹೆಳವರನ್ನು ವಿಚಾರಿಸಿ. ಎತ್ತಿನ ಮೇಲೆ ಊರೂರಿಗೆ ಬಂದು ಮನೆತನದ ತಲೆಮಾರುಗಳನ್ನು ಹಾಡಿನಂತೆ ಹೇಳಿ ದವಸ ಪಡೆಯುತ್ತಿದ್ದವರು ಅವರು. ಹಲವರ ಬಳಿ ಇಂದಿಗೂ ವಂಶಾವಳಿಯ ಪುಸ್ತಕಗಳಿವೆ.

ಇಷ್ಟೆಲ್ಲಕ್ಕೂ ಮೊದಲು, ಮದುವೆಯಾಗಿ ಹೊರಗೆ ಹೋದ ನಿಮ್ಮ ಅತ್ತೆಯರಲ್ಲಿ ಹಿರಿಯರು ಯಾರಿದ್ದಾರೋ ಅವರ ಮುಂದೆ ಕುಳಿತುಕೊಳ್ಳಿ. ‘ಮುತ್ತಾತ ಯಾರು’ ಎಂದರೆ ತಲೆ ಅಲ್ಲಾಡಿಸಿಯಾರು. ‘ಬಾವಿ ಹೊಲ ಎಂದು ಯಾವುದನ್ನು ಕರೆಯುತ್ತಿದ್ದರು, ಯಾವುದನ್ನು ಮಾರಿದರು, ಯಾರಿಗೆ ಮಾರಿದರು’ ಎಂದು ಕೇಳಿ. ಆ ಹೊಲಗಳ ಸರ್ವೆ ನಂಬರ್ ಪತ್ತೆ ಮಾಡಿಕೊಂಡು ತಾಲ್ಲೂಕು ಕಚೇರಿಗೆ ಹೋಗಿ. ಅರ್ಜಿಯಲ್ಲಿ ಊರಿನ ಜೊತೆ ಹೋಬಳಿಯನ್ನೂ ಬರೆಯಿರಿ, ಒಂದೇ ತಾಲ್ಲೂಕಿನಲ್ಲಿ ಒಂದೇ ಹೆಸರಿನ ಹಳ್ಳಿಗಳು ಎರಡಿರುವುದುಂಟು.