ಬಾಗಿಲಲ್ಲಿ ಪೋಸ್ಟ್‌ಮ್ಯಾನ್, ಕ್ರಿಯಾಪದ ಭವಿಷ್ಯತ್ತಿನಲ್ಲಿ

ಮ್ಯಾಡ್ರಿಡ್‌ನ ಒಂದು ಮನೆ ಅಂದುಕೊಳ್ಳಿ. ಬಾಗಿಲು ಬಡಿದ ಸದ್ದಾಗುತ್ತದೆ. ಒಳಗಿದ್ದವರು ಸ್ಪ್ಯಾನಿಷ್‌ನಲ್ಲಿ 'ಸೆರಾ ಎಲ್ ಕಾರ್ತೆರೊ' ಅನ್ನುತ್ತಾರೆ. ಪದಕ್ಕೆ ಪದ ಇಟ್ಟರೆ 'ಪೋಸ್ಟ್‌ಮ್ಯಾನ್ ಆಗುವನು'. ಯಾವಾಗ ಆಗುವನು, ಪರೀಕ್ಷೆ ಬರೆದು ಪಾಸಾದ ಮೇಲಾ? ಅಲ್ಲ. 'ಪೋಸ್ಟ್‌ಮ್ಯಾನ್ ಇರಬೇಕು' ಅನ್ನೋದಷ್ಟೇ ಮಾತು.

'ಸೆರಾ' ಭವಿಷ್ಯತ್ ಕಾಲದ ರೂಪ. ಆದರೆ ಬಂದವನು ಈಗಲೇ ಬಾಗಿಲಲ್ಲಿದ್ದಾನೆ. 'ಸೆರಾನ್ ಲಾಸ್ ತ್ರೆಸ್' ಅಂದರೂ ಹಾಗೇ, ಈಗ ಮೂರು ಗಂಟೆ ಆಗಿರಬೇಕು. 'ಸೆರಾ ರಿಕೊ, ಪೆರೊ...' ಅಂತ ಎಳೆದರೆ 'ಶ್ರೀಮಂತ ಇದ್ದಾನು, ಆದರೆ...' ಭವಿಷ್ಯತ್ ಅಂದರೆ ನಾಳೆ ಅಂತ ಸುಮ್ನೆ ಕಲಿಸಿಬಿಡುವವರ ಮೇಲೆ ನನಗೆ ಸಿಟ್ಟು ಬರುವುದು ಇಲ್ಲೇ. ಹೆಸರಿಟ್ಟವರು ವ್ಯಾಕರಣದವರು. ಆಡುವ ಜನ ಅವರನ್ನು ಕೇಳಿ ಆಡುವುದಿಲ್ಲ.

ಈ ರೂಪ ಹುಟ್ಟಿದ್ದೇ ಬೇರೆ ಕಡೆ. ಸ್ಪ್ಯಾನಿಷ್ ಬಂದದ್ದು ಲ್ಯಾಟಿನ್‌ನಿಂದ. ಲ್ಯಾಟಿನ್‌ನಲ್ಲಿ 'ಕಂತಾಬಿಟ್' ಅಂದರೆ ಹಾಡುವನು, 'ಕಂತಾವಿಟ್' ಅಂದರೆ ಹಾಡಿದನು. ಆಡುಮಾತಿನಲ್ಲಿ ನಡುವಿನ ಬ ಮತ್ತು ವ ಒಂದಾಗುತ್ತಾ ಬಂದವು. ನಾಳೆಯೂ ನಿನ್ನೆಯೂ ಒಂದೇ ಥರ ಕೇಳಿಸಿದರೆ ಕಷ್ಟ ಅಲ್ವಾ? ಹಳೆಯ ಭವಿಷ್ಯತ್ ರೂಪ ಬಿದ್ದುಹೋಯಿತು. ಅದರ ಜಾಗಕ್ಕೆ 'ಕಂತಾರೆ ಹಾಬೆಯೊ' ಬಂತು: 'ನನಗೆ ಹಾಡೋದಿದೆ'. ಎರಡೂ ಪದ ಸವೆದು, ಅಂಟಿಕೊಂಡು ಸ್ಪ್ಯಾನಿಷ್‌ನ 'ಕಂತರೇ' ಆಯಿತು. ಕೊನೆಯ 'ಏ' ಅದೇ 'ಹಾಬೆಯೊ'ದ ಚೂರು. ಹಳೆಯ ಸ್ಪ್ಯಾನಿಷ್‌ನಲ್ಲಿ ಈ ಅಂಟು ಇನ್ನೂ ಒಣಗಿರಲಿಲ್ಲ. 'ನಿನಗೆ ಕೊಡುವೆ' ಅನ್ನಲು 'ದಾರ್ ತೆ ಹೆ' ಅನ್ನುತ್ತಿದ್ದರು, 'ನಿನಗೆ' ಅನ್ನುವ 'ತೆ' ನಡುವೆ ತೂರಿಕೊಳ್ಳುತ್ತಿತ್ತು. 1492ರಲ್ಲಿ ಸ್ಪ್ಯಾನಿಷ್ ವ್ಯಾಕರಣ ಬರೆದ ಆಂತೋನಿಯೊ ದೆ ನೆಬ್ರಿಹಾ ಈ ಜೋಡಣೆಯನ್ನು ಆಗಲೇ ಗುರುತಿಸಿದ್ದ.

ಅದಕ್ಕಿಂತ ಹಿಂದಿನ ಸಾಕ್ಷಿ ಇನ್ನೂ ಮಜವಾಗಿದೆ. 7ನೇ ಶತಮಾನದ ಫ್ರೆಡೆಗಾರ್ ಚರಿತ್ರೆ ಅನ್ನುವ ಲ್ಯಾಟಿನ್ ಗ್ರಂಥದಲ್ಲಿ ಸೋತ ಪರ್ಷಿಯಾದ ರಾಜ 'ನೋನ್ ದಾಬೊ', ಕೊಡಲ್ಲ ಅನ್ನುತ್ತಾನೆ. ರೋಮನ್ ಚಕ್ರವರ್ತಿ ಜಸ್ಟಿನಿಯನ್ 'ದರಾಸ್', ನೀನು ಕೊಟ್ಟೇ ಕೊಡುವೆ ಅನ್ನುತ್ತಾನೆ. ದರಾಸ್ ಊರಿಗೆ ಹೆಸರು ಬಂದಿದ್ದು ಹೀಗಂತೆ! ಕಥೆ ಸುಳ್ಳು. ಇವತ್ತಿನ ಟರ್ಕಿಯಲ್ಲಿರುವ ಆ ಕೋಟೆಯನ್ನು ಕಟ್ಟಿಸಿದ್ದು ಹಿಂದಿನ ಚಕ್ರವರ್ತಿ ಅನಸ್ತಾಸಿಯಸ್, ಜಸ್ಟಿನಿಯನ್ ಪಟ್ಟಕ್ಕೆ ಬರುವ ಮೊದಲೇ. ಆದರೆ ಹಳೆಯ ರೂಪ 'ದಾಬೊ', ಹೊಸ ರೂಪ 'ದರಾಸ್' ಎರಡೂ ಒಂದೇ ಜಗಳದಲ್ಲಿ ಸಿಕ್ಕಿಬಿದ್ದಿವೆ.

ಸರಿ, 'ಹಾಡೋದಿದೆ' ಊಹೆ ಆಗಿದ್ದು ಹೇಗೆ? ಕನ್ನಡದವರಿಗೆ ಇದು ಕಷ್ಟವಾಗಬಾರದು. 'ಅವನು ಹತ್ತಕ್ಕೆ ಆಫೀಸಲ್ಲಿ ಇರಬೇಕು' ಅಂದರೆ ಅಪ್ಪಣೆಯೂ ಹೌದು, ಅಂದಾಜೂ ಹೌದು. ಮಾಡಲೇಬೇಕಾದ್ದು ನಡೆದೇ ಇರುತ್ತದೆ ಅಂತ ನಂಬುತ್ತೇವೆ. ಇನ್ನು ಕೆಲವು ಭಾಷಾತಜ್ಞರ ಪ್ರಕಾರ ಊಹೆ ನಿಜವೋ ಅಲ್ಲವೋ ಗೊತ್ತಾಗುವುದು ಬಾಗಿಲು ತೆಗೆದ ಮೇಲೆ, ಭವಿಷ್ಯ ಇರುವುದು ಅಲ್ಲಿ. ನನಗೆ ಮೊದಲನೆಯದೇ ಜಾಸ್ತಿ ಒಪ್ಪಿಗೆ. ಹಾಗಂತ 'ನೋ ಮತರಾಸ್', ಕೊಲ್ಲಬಾರದು ಅನ್ನುವ ಬೈಬಲ್ ಆಜ್ಞೆಯನ್ನು ಸಾಕ್ಷಿಗೆ ಎಳೆಯಬೇಡಿ. ಅಲ್ಲಿ ಲ್ಯಾಟಿನ್ ಬೈಬಲ್ಲಿನಲ್ಲೂ 'ಹಾಬೆಯೊ' ಸೇರದ ಹಳೆಯ ಭವಿಷ್ಯತ್ ರೂಪವೇ ಇದೆ, ಅಂದರೆ ಆಜ್ಞೆಯ ಅರ್ಥ 'ಹಾಬೆಯೊ'ದಿಂದ ಬಂದದ್ದಲ್ಲ.

ಲ್ಯಾಟಿನ್ ಅಮೆರಿಕದ ಮಾತಿನಲ್ಲಂತೂ ನಾಳೆಯ ಮಳೆಗೆ ಹೆಚ್ಚಾಗಿ 'ಹೋಗು' ಕ್ರಿಯಾಪದ ಸೇರಿಸಿ 'ವಾ ಅ ಯೊವೆರ್' ಅನ್ನುತ್ತಾರೆ. 'ಸೆರಾ' ಥರದ ರೂಪ ಮಾತಿನಲ್ಲಿ ಕಿವಿಗೆ ಬೀಳುವುದು ಬಹಳ ಸಲ ಊಹೆಗೇ.